ನಿಲ್ಲು, ಯೋಚಿಸು, ಕ್ರಮ ಕೈಗೊಳ್ಳು: ಒಂದು ಜಾಗೃತಿ ಪಾಠದ ವಿಮರ್ಶೆ

2024ರ ಅಕ್ಟೋಬರ್ 27ರಂದು ಪ್ರಸಾರವಾದ ಪ್ರಧಾನಮಂತ್ರಿಯವರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಇಡೀ ದೇಶ ಕೇಳಿದ ದೂರವಾಣಿ ಸಂಭಾಷಣೆಯೊಂದು ವಿಜಯಪುರದ್ದು. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಕರೆ ಬಂದಾಗ ನಗರದ ನಿವಾಸಿಯೊಬ್ಬರು ಅದನ್ನು ದಾಖಲಿಸಿಕೊಂಡಿದ್ದರು. ಅದರ ಬೆನ್ನಿಗೇ ‘ರುಕೋ, ಸೋಚೋ, ಆಕ್ಷನ್ ಲೋ’ ಎಂಬ ಮೂರು ಹಂತದ ಸೂತ್ರವನ್ನು ಪ್ರಧಾನಿ ನೀಡಿದರು. ಜಾಗೃತಿ ಕಾರ್ಯಕ್ರಮ ನಡೆಸುವ ಶಿಕ್ಷಕರಿಗೆ ಇದೊಂದು ಸಿದ್ಧ ಪಾಠ. ಆದ್ದರಿಂದಲೇ ಅದನ್ನು ಪಾಠವೆಂದು ಪರಿಗಣಿಸಿ ಪರಿಶೀಲಿಸುವುದು ಉಚಿತ. ತಿಕೋಟಾ, ಬಬಲೇಶ್ವರಗಳಲ್ಲಿ ಎಪ್ಪತ್ತು ದಾಟಿದವರಿಗೆ ಇದು ಎಷ್ಟರ ಮಟ್ಟಿಗೆ ನೆರವಾದೀತು?

ಮೊದಲು ಗುಣಗಳನ್ನು ನೋಡೋಣ. ಇಲ್ಲಿ ಬರಿಯ ಉಪದೇಶವಿಲ್ಲ, ನಿಜವಾದ ಉದಾಹರಣೆ ಇದೆ. ನಿಮ್ಮ ನಂಬರಿನ ಮೇಲೆ 17 ದೂರುಗಳಿವೆ ಎಂದು ವಂಚಕ ಮಾತು ಆರಂಭಿಸುತ್ತಾನೆ. ಎಲ್ಲಿದ್ದೀರಿ ಎಂದು ವಿಚಾರಿಸುತ್ತಾನೆ. ಬಳಿಕ ಕರೆಯನ್ನು ‘ತನಿಖಾಧಿಕಾರಿ’ಗೆ ವರ್ಗಾಯಿಸುತ್ತಾನೆ. ಆತ ಆಧಾರ್ ಕಾರ್ಡ್ ತೋರಿಸಲು ಒತ್ತಾಯಿಸುತ್ತಾನೆ. ವಂಚನೆಯ ರಚನೆಯನ್ನೂ ಪ್ರಧಾನಿ ಬಿಡಿಸಿ ಹೇಳಿದರು: ಮೊದಲು ವೈಯಕ್ತಿಕ ಮಾಹಿತಿ ಸಂಗ್ರಹ, ನಂತರ ಭಯದ ವಾತಾವರಣ, ಕೊನೆಗೆ ಸಮಯದ ಒತ್ತಡ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿಯೇ ಇಲ್ಲ ಎಂಬ ಮಾತೂ ಸ್ಪಷ್ಟವಾಗಿತ್ತು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟನ್ನು ತಿಳಿಸುವುದು ಸಣ್ಣ ಸಾಧನೆಯಲ್ಲ.

ಕೊರತೆ ಇರುವುದು ಸೂತ್ರದ ಕ್ರಮದಲ್ಲಿ. ಭಯ ಮತ್ತು ಅವಸರ ಸೇರಿದಾಗ ಮೊದಲು ಕುಗ್ಗುವುದೇ ನಿಂತು ಯೋಚಿಸುವ ಶಕ್ತಿ. ವಂಚಕ ಕಸಿದುಕೊಂಡಿರುವ ಶಕ್ತಿಯನ್ನೇ ಮೊದಲು ಬಳಸಿ ಎಂದು ಸೂತ್ರ ಹೇಳುತ್ತದೆ. ಮನೆಯವರಿಗೆ ತಿಳಿಸುವ ಸಲಹೆ ಮೂರನೆಯ ಹಂತದಲ್ಲಿ ಬರುತ್ತದೆ. ಆದರೆ ‘ಯಾರಿಗೂ ಹೇಳಬೇಡಿ, ಕ್ಯಾಮರಾದ ಮುಂದಿನಿಂದ ಏಳಬೇಡಿ’ ಎಂದು ಒಂಟಿಯಾಗಿಸುವುದೇ ಈ ವಂಚನೆಯ ಮುಖ್ಯ ಅಸ್ತ್ರ. 2025ರ ಮಾರ್ಚ್‌ನಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ವೃದ್ಧ ದಂಪತಿ ಇಂತಹ ವಂಚಕರಿಗೆ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡು, ಕಿರುಕುಳ ತಾಳಲಾರದೆ ಪ್ರಾಣ ಕಳೆದುಕೊಂಡರು. ಓದು, ನೌಕರಿಯ ಅನುಭವ ಎರಡೂ ಅವರಿಗಿತ್ತು. ಆದ್ದರಿಂದ ಹಿರಿಯರ ಪಾಲಿಗೆ ಮೊದಲ ಹಂತ ಒಂದು ಸರಳ ಕ್ರಿಯೆಯಾಗಿರಬೇಕು: ಫೋನ್ ಕತ್ತರಿಸಿ, ಹತ್ತಿರದವರನ್ನು ಕೂಗುವುದು. ಯೋಚನೆ ಆಮೇಲೆ, ಇಬ್ಬರು ಕೂಡಿ.

ಎರಡನೆಯದು ತಲುಪುವ ಬಗೆ. ಆ ಸಂಭಾಷಣೆ ಹಿಂದಿಯಲ್ಲಿದೆ, ಸೂತ್ರವೂ ಹಿಂದಿಯಲ್ಲಿದೆ. ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಅದರ ಪ್ರಾಸವಾಗಲಿ ಅರ್ಥವಾಗಲಿ ನೆನಪಿನಲ್ಲಿ ನಿಲ್ಲದು. 2024-25ರಲ್ಲಿ ಕರೆ ಮಾಡಿದಾಗಲೆಲ್ಲ ಕೇಳಿಬರುತ್ತಿದ್ದ ಎಚ್ಚರಿಕೆಯ ಧ್ವನಿಮುದ್ರಿಕೆಗೆ ಇನ್ನೊಂದು ದೋಷವಿತ್ತು. ಅದು ಕೇಳುತ್ತಿದ್ದುದು ಕರೆ ಮಾಡುವವರಿಗೆ. ಮಕ್ಕಳ ಕರೆಗಾಗಿ ಕಾಯುವ, ತಾವಾಗಿ ಕರೆ ಮಾಡುವುದು ಅಪರೂಪವಾದ ಹಿರಿಯರಿಗೆ ಅದು ಕೇಳುವುದೇ ವಿರಳ. ವಂಚನೆಯ ಕರೆಯಾದರೋ ಬರುವ ಕರೆ!

ಮೂರನೆಯದು ವ್ಯಾಪ್ತಿ. ಎಲ್ಲ ವಂಚನೆಯೂ ಮಾತಿನಿಂದ ಆಗುವುದಿಲ್ಲ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ಪಿಂಚಣಿ ಪಡೆಯುವ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇವಿಷ್ಟೇ ಸಾಕು, ಒಟಿಪಿ ಬೇಕಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳ ನಕಲು ಬಳಸಿ ಹಣ ತೆಗೆದ ದೂರುಗಳು ದಾಖಲಾದವು. ಇಲ್ಲಿ ನಿಲ್ಲಲು, ಯೋಚಿಸಲು ಕರೆಯೇ ಬರುವುದಿಲ್ಲ. ಇದಕ್ಕೆ ಪರಿಹಾರ ತಾಂತ್ರಿಕವಾದುದು: ಆಧಾರ್ ಜಾಲತಾಣ ಅಥವಾ ಎಂ-ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿನ ಬಳಕೆಗೆ ಬೀಗ ಹಾಕಬಹುದು, ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಆದರೆ ಬೀಗ ಹಾಕಿದ್ದನ್ನು ಮರೆತರೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳು ನಡೆಯದು. ಇದನ್ನೂ ಹೇಳಿಕೊಡಬೇಕಾಗುತ್ತದೆ.

ನಾಲ್ಕನೆಯದು ಭಯ. ವಂಚನೆಯ ಕಥೆಗಳನ್ನಷ್ಟೇ ಕೇಳಿದ ಹಿರಿಯರು ಫೋನನ್ನೇ ದೂರವಿಡುತ್ತಾರೆ, ಇಲ್ಲವೆ ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಎರಡರಲ್ಲಿಯೂ ಅವರ ಸ್ವಾತಂತ್ರ್ಯ ಹೋಯಿತು. ಎರಡನೆಯದರಲ್ಲಿ ಸುರಕ್ಷತೆಯೂ ಹೋಯಿತು. ಒಣದ್ರಾಕ್ಷಿಯ ದರವನ್ನು ಫೋನಿನಲ್ಲಿ ತಾನೇ ನೋಡಿಕೊಳ್ಳುವ ತಿಕೋಟಾದ ರೈತ ಎಪ್ಪತ್ತೈದರಲ್ಲಿಯೂ ಹಾಗೆಯೇ ನೋಡಿಕೊಳ್ಳುವಂತಾಗಬೇಕು. ‘ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಹಣ ಪಡೆಯಲು ಅದು ಬೇಕಿಲ್ಲ’ ಎಂಬ ಒಂದು ತಿಳಿವಳಿಕೆ ಹತ್ತು ಹೆದರಿಕೆಗಳಿಗಿಂತ ಹೆಚ್ಚು ಕಾಯುತ್ತದೆ.

ಹಾಗಾದರೆ ಶಿಕ್ಷಕರು ಏನು ಮಾಡಬಹುದು? ಈಜನ್ನು ಭಾಷಣದಿಂದ ಕಲಿಸಲಾಗದು. ಇದೂ ಅಭ್ಯಾಸದ ವಿಷಯ. ವಿದ್ಯಾರ್ಥಿಯೊಬ್ಬ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಪಕ್ಕದ ಕೋಣೆಯಿಂದ ತನ್ನ ಮುತ್ಯಾನಿಗೆ ‘ಪೊಲೀಸ್ ಅಧಿಕಾರಿ’ಯಾಗಿ ಕರೆ ಮಾಡಲಿ. “ತಡೀಪಾ, ನನ್ನ ಮಗನ್ನ ಕೇಳಿ ಹೇಳತೀನಿ” ಎಂದು ಮುತ್ಯಾ ಫೋನ್ ಇಡಲಿ. ವಾರದ ನಂತರ ಬೇರೊಂದು ನೆಪದಲ್ಲಿ ಮತ್ತೆ ಕರೆ ಮಾಡಿ, ಎಷ್ಟು ಹೊತ್ತಿಗೆ ಫೋನ್ ಇಟ್ಟರೆಂದು ಬರೆದಿಡಲಿ. ತರಗತಿಯ ಎಲ್ಲರ ಟಿಪ್ಪಣಿಗಳನ್ನು ಒಟ್ಟುಗೂಡಿಸಿದರೆ ಯಾವ ಬಗೆಯ ಕರೆಗೆ ಹಿರಿಯರು ಹೆಚ್ಚು ಸಿಲುಕುತ್ತಾರೆಂಬುದು ತಿಳಿಯುತ್ತದೆ. ಇದು ಒಳ್ಳೆಯ ವಿಜ್ಞಾನ ಯೋಜನೆಯೂ ಹೌದು.

1930 ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಿ, ಅದರ ಕಾರಣವನ್ನೂ ತಿಳಿಸಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ಹರಿಯುತ್ತದೆ. ಪೊಲೀಸರನ್ನೂ ಬ್ಯಾಂಕುಗಳನ್ನೂ ಜೋಡಿಸಿ 2021ರಲ್ಲಿ ಆರಂಭವಾದ ವ್ಯವಸ್ಥೆ ಅದನ್ನು ದಾರಿಯಲ್ಲಿಯೇ ತಡೆಯಲು ಯತ್ನಿಸುತ್ತದೆ. ತಡವಾದಷ್ಟೂ ಅದರ ಕೈಗೆ ಸಿಗುವುದು ಕಡಿಮೆ. ತಡಮಾಡಿಸುವುದು ಹೆಚ್ಚಾಗಿ ನಾಚಿಕೆ. ಹಣ ಕಳೆದುಕೊಂಡ ಹಿರಿಯರನ್ನು “ಇಷ್ಟೂ ತಿಳಿಯಲಿಲ್ಲವೇ?” ಎಂದು ಕೇಳುವ ಮನೆಯಲ್ಲಿ ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ. ವಿಜಯಪುರದ ಆ ಸಂಭಾಷಣೆಯನ್ನು ತರಗತಿಯಲ್ಲಿ ಖಂಡಿತ ಕೇಳಿಸಿ. ಆದರೆ ಪಾಠವನ್ನು ಅಲ್ಲಿಗೇ ಮುಗಿಸಬೇಡಿ. ಉಳಿದ ಅರ್ಧ ಪಾಠ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ಮಾಡಬೇಕಾದದ್ದು.