ಮರಳಿ ಬಂದ ದೃಶ್ಯ, ಮುರಿದುಹೋದ ವಾಗ್ದಾನ: ‘ಏಲಿಯನ್ಸ್’ ಚಿತ್ರದ ಎರಡು ಪಾಠಗಳು

ಒಂದೇ ಕೃತಿಗೆ ಎರಡು ಪಾಠಗಳಿದ್ದರೆ ನಾವು ಯಾವುದನ್ನು ಓದಬೇಕು? ಮಾರ್ಕನ ಸುವಾರ್ತೆಯನ್ನು ಅಭ್ಯಾಸಮಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಆ ಸುವಾರ್ತೆಯು 16ನೆಯ ಅಧ್ಯಾಯದ 8ನೆಯ ವಚನಕ್ಕೆ, ಸಮಾಧಿಯಿಂದ ಓಡಿಹೋದ ಸ್ತ್ರೀಯರ ಭಯದಲ್ಲಿ ಮತ್ತು ಮೌನದಲ್ಲಿ ಮುಗಿಯುತ್ತದೆ. ನಮ್ಮ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿಯಾದರೋ ಮುಂದೆ 12 ವಚನಗಳಿವೆ. ಪಾಠವು ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಅದರ ಅರ್ಥವೇ ಬದಲಾಗುತ್ತದೆಂದು ನಾವು ಅಲ್ಲಿ ಕಲಿತೆವು. ಅದೇ ಪಾಠವನ್ನು ನಮಗೆ ಮತ್ತೊಮ್ಮೆ ಕಲಿಸಿದ್ದು, ಅನಿರೀಕ್ಷಿತವಾಗಿ, ಒಂದು ವೈಜ್ಞಾನಿಕ ಕಲ್ಪನೆಯ ಚಲನಚಿತ್ರ.

ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ ‘ಏಲಿಯನ್ಸ್’ 1986ರಲ್ಲಿ ತೆರೆಕಂಡಿತು. ರಿಡ್ಲಿ ಸ್ಕಾಟ್ ಅವರ 1979ರ ‘ಏಲಿಯನ್’ ಚಿತ್ರದ ಮುಂದಿನ ಭಾಗವಿದು. ಚಿತ್ರಮಂದಿರಗಳಲ್ಲಿ ಜನರು ನೋಡಿದ ಪಾಠ 137 ನಿಮಿಷಗಳದ್ದು. ಚಿತ್ರ ದೀರ್ಘವಾಯಿತೆಂದು ತೆಗೆದುಹಾಕಿದ್ದ ದೃಶ್ಯಗಳನ್ನು ಮರಳಿ ಸೇರಿಸಿದ 154 ನಿಮಿಷಗಳ ಪಾಠವು 1991ರಲ್ಲಿ, ಮನೆಯಲ್ಲಿ ನೋಡುವವರಿಗಾಗಿ, ಲೇಸರ್ ಡಿಸ್ಕ್ ರೂಪದಲ್ಲಿ ಹೊರಬಂದಿತು. 2003ರ ಡಿವಿಡಿ ಸಂಪುಟದಲ್ಲಿ ಎರಡೂ ಪಾಠಗಳು ಒಟ್ಟಿಗೆ ದೊರೆತವು. ಮಾರ್ಕನಲ್ಲಿ ದೀರ್ಘಪಾಠವು ನಂತರದ ಕೈಯ ಸೇರ್ಪಡೆ ಎಂಬುದು ಹೆಚ್ಚಿನ ಪಂಡಿತರ ಮತ. ಇಲ್ಲಿ ಕ್ರಮವು ತಿರುಗುಮುರುಗು, ಸೇರ್ಪಡೆಯಾದದ್ದೇ ಮೊದಲಿನದು. ಈ ಭೇದವನ್ನು ಮರೆಯದೆ ಮುಂದುವರಿಯೋಣ.

ಮರಳಿ ಬಂದ 17 ನಿಮಿಷಗಳಲ್ಲಿ ನಮ್ಮ ಗಮನವನ್ನು ಹಿಡಿದು ನಿಲ್ಲಿಸುವುದು ಒಂದು ಚಿಕ್ಕ ದೃಶ್ಯ. ಸಿಗೋರ್ನಿ ವೀವರ್ ಅಭಿನಯಿಸಿದ ರಿಪ್ಲಿ ಎಂಬ ಸ್ತ್ರೀ ಮೊದಲ ಚಿತ್ರದ ವಿಪತ್ತಿನಿಂದ ಪಾರಾಗಿ, ಒಂದು ಪುಟ್ಟ ನೌಕೆಯಲ್ಲಿ ನಿದ್ರಿಸುತ್ತ 57 ವರ್ಷ ಅಂತರಿಕ್ಷದಲ್ಲಿ ತೇಲಿದ್ದಾಳೆ. ಎಚ್ಚರವಾದ ಮೇಲೆ ಅವಳು ತನ್ನ ಮಗಳನ್ನು ವಿಚಾರಿಸುತ್ತಾಳೆ. ಕಂಪನಿಯ ಅಧಿಕಾರಿಯು ಒಂದು ಭಾವಚಿತ್ರವನ್ನು ಅವಳ ಕೈಗೆ ಕೊಡುತ್ತಾನೆ. ಅದರಲ್ಲಿರುವುದು ಒಬ್ಬ ವೃದ್ಧೆಯ ಮುಖ. ಮಗಳು ಅಮಾಂಡಾ ಎರಡು ವರ್ಷಗಳ ಹಿಂದೆ, ತನ್ನ 66ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಾಳೆ. ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಮನೆಗೆ ಬಂದೇ ಬರುವೆನೆಂದು ತಾಯಿ ಅವಳಿಗೆ ಮಾತು ಕೊಟ್ಟಿದ್ದಳು. ತಾಯಿಗಿಂತ ಮಗಳೇ ಮುಪ್ಪಿನವಳಾದ ಆ ಚಿತ್ರಕ್ಕೆ ಬಳಸಿದ್ದು ವೀವರ್ ಅವರ ಸ್ವಂತ ತಾಯಿ, ನಟಿ ಎಲಿಜಬೆತ್ ಇಂಗ್ಲಿಸ್ ಅವರ ಮುಖವನ್ನು. ರಿಪ್ಲಿಯು ಆ ಮುಖವನ್ನು ಬೆರಳುಗಳಿಂದ ಮುಟ್ಟುತ್ತಾಳೆ, ಅಷ್ಟೇ.

ಈ ದೃಶ್ಯವಿಲ್ಲದ ಪಾಠದಲ್ಲಿ ಮುಂದಿನ ಕಥೆಗೆ ಒಂದು ಅರ್ಥವಿದೆ. ರಿಪ್ಲಿ ಸೈನಿಕರೊಂದಿಗೆ ದೂರದ ವಸಾಹತಿಗೆ ಹೋಗುತ್ತಾಳೆ. ಅಲ್ಲಿ ಬದುಕುಳಿದಿರುವವಳು ಗಾಳಿಕೊಳವೆಗಳಲ್ಲಿ ಅಡಗಿಕೊಂಡಿದ್ದ ನ್ಯೂಟ್ ಎಂಬ ಅನಾಥ ಬಾಲಕಿ. ನಿನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ರಿಪ್ಲಿ ಅವಳಿಗೆ ವಾಗ್ದಾನ ಮಾಡುತ್ತಾಳೆ. ಕೊನೆಗೆ, ಎಲ್ಲವೂ ಸ್ಫೋಟಗೊಳ್ಳಲಿರುವ ಗಳಿಗೆಯಲ್ಲಿ, ಆ ಮಾತಿಗಾಗಿ ಒಬ್ಬಳೇ ಮೃತ್ಯುವಿನ ಗೂಡಿಗೆ ಇಳಿಯುತ್ತಾಳೆ. ಹ್ರಸ್ವಪಾಠದಲ್ಲಿ ಈ ಪ್ರೀತಿಗೆ ಕಾರಣವೇ ಇಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿದ ಸಮಾರ್ಯದವನಿಗೂ ಕಾರಣವಿರಲಿಲ್ಲ. ಆದ್ದರಿಂದ ಹ್ರಸ್ವಪಾಠವೇ ಕೃಪೆಯ ಪಾಠ, ದೀರ್ಘಪಾಠವು ಕೃಪೆಯನ್ನು ಮನಶ್ಶಾಸ್ತ್ರಕ್ಕೆ ಇಳಿಸಿಬಿಡುತ್ತದೆ ಎಂದು ಯಾರಾದರೂ ವಾದಿಸಿದರೆ ನಾವು ಅದನ್ನು ಹಗುರವಾಗಿ ತಳ್ಳಿಹಾಕಲಾರೆವು. ಮಗಳನ್ನು ಕಳೆದುಕೊಂಡವಳಿಗೆ ಮತ್ತೊಬ್ಬ ಮಗಳು ದೊರೆತಳು, ಲೆಕ್ಕ ಸರಿಹೋಯಿತು ಎಂದಾದರೆ ಆ ಕಥೆಯಲ್ಲಿ ಸುವಾರ್ತೆಯಿಲ್ಲ.

ಆದರೆ ದೀರ್ಘಪಾಠವು ಹಾಗೆ ಲೆಕ್ಕ ಹಾಕುವುದಿಲ್ಲ. ಅದರಲ್ಲಿ ಇನ್ನೊಂದು ಸಂಭಾಷಣೆ ಮರಳಿ ಬಂದಿದೆ. ಮಲಗುವ ಮುಂಚೆ ನ್ಯೂಟ್, ನಿನಗೆ ಮಕ್ಕಳಿದ್ದರೇ ಎಂದು ಕೇಳುತ್ತಾಳೆ. ಒಬ್ಬ ಮಗಳಿದ್ದಳು, ಈಗ ಇಲ್ಲ ಎಂದು ರಿಪ್ಲಿ ಮೆತ್ತಗೆ ಹೇಳುತ್ತಾಳೆ. ಸತ್ತುಹೋದಳೆಂದು ತಾನೇ ನಿನ್ನ ಮಾತಿನ ಅರ್ಥ ಎಂದು ಮಗುವು ನೇರವಾಗಿ ನುಡಿಯುತ್ತದೆ. ತನ್ನವರೆಲ್ಲರನ್ನೂ ಕಳೆದುಕೊಂಡ ಆ ಮಗುವಿಗೆ ಮೃದುವಾದ ಮಾತಿನ ಹೊದಿಕೆ ಬೇಕಿಲ್ಲ. ಅಮಾಂಡಾಳ ಸ್ಥಾನದಲ್ಲಿ ನ್ಯೂಟ್ ಬಂದು ಕುಳಿತುಕೊಳ್ಳುವುದೂ ಇಲ್ಲ. ಸತ್ತವಳ ಹೆಸರು ಇಬ್ಬರ ನಡುವೆ ಸತ್ತವಳ ಹೆಸರಾಗಿಯೇ ಉಳಿಯುತ್ತದೆ.

ಇಲ್ಲಿ ನಮಗೆ ಯೋಬನ ಗ್ರಂಥದ ಕೊನೆಯ ಅಧ್ಯಾಯವು ನೆನಪಾಗುತ್ತದೆ. ಯೋಬನು ಕಳೆದುಕೊಂಡ 7,000 ಕುರಿಗಳಿಗೆ ಬದಲಾಗಿ 14,000, 3,000 ಒಂಟೆಗಳಿಗೆ ಬದಲಾಗಿ 6,000 ದೊರೆಯುತ್ತವೆ. ಮಕ್ಕಳು ಮಾತ್ರ ಎರಡರಷ್ಟಾಗುವುದಿಲ್ಲ. ಮೊದಲಿನಂತೆ ಏಳು ಮಂದಿ ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ತೀರಿಹೋದ ಹತ್ತು ಮಂದಿ ದೇವರ ಬಳಿಯಲ್ಲಿ ಇನ್ನೂ ಯೋಬನ ಮಕ್ಕಳೇ ಆಗಿರುವುದರಿಂದ ಎರಡರಷ್ಟಾಗಿಯೇ ಇದ್ದಾರೆಂದು ಕೆಲವು ವ್ಯಾಖ್ಯಾನಕಾರರು ಇದನ್ನು ಅರ್ಥೈಸಿದ್ದಾರೆ. ಕುರಿಗೆ ಕುರಿ ಬದಲಾದೀತು. ಮಗುವಿಗೆ ಮಗು ಬದಲಲ್ಲ. ಮತ್ತಾಯನು ಸಹ ಬೇತ್ಲೆಹೇಮಿನ ಕೂಸುಗಳ ಕೊಲೆಯನ್ನು ಹೇಳುವಾಗ, ಸಂತೈಸಿಕೊಳ್ಳಲೊಲ್ಲದ ರಾಹೇಲಳನ್ನು ಯೆರೆಮೀಯನಿಂದ ಕರೆತರುತ್ತಾನೆ. ಒಂದು ಶಿಶು ಐಗುಪ್ತಕ್ಕೆ ಪಾರಾಗಿದೆ ಎಂಬ ಶುಭವಾರ್ತೆಯಿಂದ ಅವಳ ಕಣ್ಣೀರನ್ನು ಆತನು ಒರೆಸಿಬಿಡುವುದಿಲ್ಲ.

ದೀರ್ಘಪಾಠದಲ್ಲಿರುವುದೆಲ್ಲವೂ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ವಿಪತ್ತಿಗೆ ಮುಂಚಿನ ವಸಾಹತಿನ ಜೀವನವನ್ನು ಮೊದಲೇ ತೋರಿಸಿಬಿಡುವುದರಿಂದ, ಸೈನಿಕರೊಂದಿಗೆ ಬರಿದಾದ ಓಣಿಗಳನ್ನು ಪ್ರವೇಶಿಸುವಾಗ ಹ್ರಸ್ವಪಾಠವು ಹುಟ್ಟಿಸುವ ಭಯ ಇಲ್ಲಿ ತಗ್ಗುತ್ತದೆ. ಎರಡೂ ಪಾಠಗಳಿಗೆ ಸಾಮಾನ್ಯವಾದ ಒಂದು ತೊಡಕೂ ಇದೆ. ಕೊನೆಯಲ್ಲಿ ರಿಪ್ಲಿ ಎದುರಿಸುವ ರಾಣಿಜೀವಿಯೂ ತನ್ನ ಮೊಟ್ಟೆಗಳನ್ನು ಕಾಯುತ್ತಿರುವ ತಾಯಿಯೇ. ಅವಳ ಕಣ್ಣೆದುರಿನಲ್ಲೇ ರಿಪ್ಲಿ ಆ ಮೊಟ್ಟೆಗಳನ್ನು ಸುಟ್ಟುಹಾಕುತ್ತಾಳೆ. ತನ್ನವರ ಮೇಲಿನ ಪ್ರೀತಿಯು ಪರರ ಮೇಲಿನ ಬೆಂಕಿಯಾಗುವ ಈ ದೃಶ್ಯಕ್ಕೆ ಪ್ರೇಕ್ಷಕರು ಚಪ್ಪಾಳೆ ತಟ್ಟಬಹುದು. ಶಿಲುಬೆಯ ಕೆಳಗೆ ನಿಂತವರು ತಟ್ಟಲಾರರು. ಈ ಚಿತ್ರಕ್ಕೆ ವಾಗ್ದಾನದ ಬೆಲೆ ಗೊತ್ತು, ವೈರಿಯ ಪ್ರೀತಿ ಗೊತ್ತಿಲ್ಲ.

ಹಾಗಿದ್ದರೂ ಎರಡು ಪಾಠಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನಾವು ದೀರ್ಘಪಾಠವನ್ನೇ ಆರಿಸಿಕೊಳ್ಳುವೆವು. ಹ್ರಸ್ವಪಾಠದ ರಿಪ್ಲಿ ಧೈರ್ಯಶಾಲಿ. ದೀರ್ಘಪಾಠದ ರಿಪ್ಲಿ ಒಮ್ಮೆ ಮಾತು ಉಳಿಸಿಕೊಳ್ಳಲಾರದೆ ಹೋದವಳು, ಆ ತಪ್ಪು ತನ್ನದಲ್ಲದಿದ್ದರೂ ಅದರ ಭಾರವನ್ನು ಹೊತ್ತವಳು, ಆದರೂ ಮತ್ತೊಮ್ಮೆ ಮಾತು ಕೊಡಲು ಬಾಯಿ ತೆರೆದವಳು. ಮೂರು ಸಾರಿ ಅಲ್ಲಗಳೆದ ಪೇತ್ರನಿಗೆ ಕುರಿಗಳನ್ನು ಮೇಯಿಸುವ ಹೊಣೆಯನ್ನು ಮತ್ತೆ ಒಪ್ಪಿಸಿದ ಕರ್ತನ ಶಿಷ್ಯರಿಗೆ ಇಂಥ ಎರಡನೆಯ ವಾಗ್ದಾನದ ತೂಕ ತಿಳಿದಿರಬೇಕು.

ಸಭಾಪಾಲಕರಾದ ನಮಗೆ ಇದು ಬರಿಯ ಚಿತ್ರವಿಮರ್ಶೆಯ ಮಾತಲ್ಲ. ಮಗುವನ್ನು ಕಳೆದುಕೊಂಡ ಮನೆಗೆ ಹೋದಾಗ ನಾವು ಎಷ್ಟೋ ಸಾರಿ ಹ್ರಸ್ವಪಾಠವನ್ನೇ ಓದುತ್ತೇವೆ: ದೇವರು ಇನ್ನೊಂದು ಮಗುವನ್ನು ಕೊಡುವನು, ಅಳಬೇಡಿರಿ ಎನ್ನುತ್ತೇವೆ. ಸಮಯ ಉಳಿಸಲು ದುಃಖದ ದೃಶ್ಯವನ್ನು ಕತ್ತರಿಸಿ, ಜಯದ ದೃಶ್ಯಕ್ಕೆ ಅವಸರಪಡುತ್ತೇವೆ. ತೀರಿಹೋದ ಮಗುವಿನ ಭಾವಚಿತ್ರವನ್ನು ತಾಯಿ ನಮ್ಮ ಕೈಗೆ ಕೊಟ್ಟರೆ, ಅದನ್ನು ಬೇಗನೆ ಹಿಂತಿರುಗಿಸದೆ, ಆ ಮುಖವನ್ನು ನೋಡುತ್ತ, ಮಗುವಿನ ಹೆಸರು ಹಿಡಿದು ಮಾತನಾಡುತ್ತ ಸ್ವಲ್ಪ ಹೊತ್ತು ಕುಳಿತಿರೋಣ. ಪುನರುತ್ಥಾನದ ನಿರೀಕ್ಷೆಯನ್ನು ಸಾರುವುದಕ್ಕೆ ಆಮೇಲೂ ಸಮಯವಿರುತ್ತದೆ.