ಪ್ರಶ್ನೆಗಳೇ ಇಲ್ಲದ ಹೇಳಿಕೆ

ಕರ್ನಾಟಕದಲ್ಲಿ ಕೊಲೆ, ದರೋಡೆ ಪ್ರಕರಣದ ಚಾರ್ಜ್‌ಶೀಟ್ ಬಿಚ್ಚಿದರೆ ಒಳಗೊಂದು ‘ಸ್ವಇಚ್ಛಾ ಹೇಳಿಕೆ’ ಸಿಗುವುದು ಹೆಚ್ಚುಕಡಿಮೆ ಖಾತ್ರಿ. ಸಂಕೇಶ್ವರದ ಜೆಎಂಎಫ್‌ಸಿ ಕೋರ್ಟಿನಲ್ಲಿ ಓದಿದರೂ, ಚಾಮರಾಜನಗರದಲ್ಲಿ ಓದಿದರೂ ಅದರ ಧಾಟಿ ಒಂದೇ. ಆರೋಪಿ ತನ್ನ ಹೆಸರು, ವಯಸ್ಸು, ಉದ್ಯೋಗ ಹೇಳಿಕೊಳ್ಳುತ್ತಾನೆ. ತಂದೆ ತಾಯಿಗೆ ಎಷ್ಟು ಜನ ಮಕ್ಕಳು, ತಾನು ಎಷ್ಟನೆಯವನು, ಎಷ್ಟನೇ ಇಯತ್ತೆಗೆ ಸಾಲೆ ಬಿಟ್ಟ ಎಂಬುದೆಲ್ಲ ಬರುತ್ತದೆ. ದುಶ್ಚಟಕ್ಕೆ ದುಡ್ಡು ಸಾಲದಾಯಿತು, ಆಮೇಲೆ ಅಪರಾಧ. ಕಡೆಗೆ ಆ ಖಾಯಂ ಸಾಲು: ‘ನನ್ನನ್ನು ಕರೆದುಕೊಂಡು ಹೋದಲ್ಲಿ ಸದರಿ ಸ್ಥಳವನ್ನು ತೋರಿಸಿ, ಸದರಿ ವಸ್ತುವನ್ನು ಹಾಜರುಪಡಿಸುತ್ತೇನೆ.’ ಕೆಳಗೆ ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿ ಇದೆ ಎಂಬ ಒಕ್ಕಣೆ, ಸಹಿ ಅಥವಾ ಹೆಬ್ಬೆಟ್ಟು.

ಪೊಲೀಸ್ ವಿಚಾರಣೆಯ ಗುಣ ಅಳೆಯಲು ಲಾಠಿ, ಬೂಟುಗಳಿಗಿಂತ ಈ ಕಾಗದವೇ ಒಳ್ಳೆಯ ಸಾಕ್ಷಿ. ಇದರಲ್ಲಿ ಉತ್ತರಗಳಿವೆ, ಪ್ರಶ್ನೆಗಳಿಲ್ಲ. ಯಾರು ಏನು ಕೇಳಿದರು, ಮೊದಲು ಏನು ಹೇಳಿದ, ಎಷ್ಟು ಹೊತ್ತಿನ ಮೇಲೆ ಮಾತು ಬದಲಾಯಿತು, ನಡುವೆ ನೀರು ಕೊಟ್ಟರೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ಮನುಷ್ಯ ತಾನಾಗಿ ಬಂದು ಕೂತು ಸರಾಗವಾಗಿ ಕಥೆ ಹೇಳಿ ಎದ್ದು ಹೋದಂತಿದೆ.

ಅದೂ ಯಾವ ಕನ್ನಡದಲ್ಲಿ! ನಮ್ಮ ಸಂಕೇಶ್ವರದ ಕಡೆಯ ಮನುಷ್ಯ ಬಾಯಿ ತೆರೆದರೆ ‘ನನಗ ಕರಕೊಂಡ ನಡೀರಿ ಸಾಹೇಬ್ರ, ಎಲ್ಲಿ ಐತಿ ತೋರಸ್ತೀನಿ’ ಎಂದಾನು. ಮಹಾರಾಷ್ಟ್ರದ ಗಡಿ ಹತ್ತಿರ, ಮನೆಮಾತು ಮರಾಠಿಯಾದವರೂ ಬಹಳ. ಹಾಳೆಯ ಮೇಲೆ ಮಾತ್ರ ಎಲ್ಲರೂ ‘ಸದರಿ’ ಎನ್ನುತ್ತಾರೆ. ಶೈಲಿಯ ಬಗ್ಗೆ ನಾನು ತಕರಾರು ತೆಗೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಆರೋಪಿಯ ಬಾಯಿಂದ ಬಂದ ಮಾತೇ ದಾಖಲಾಗಬೇಕು, ಅದೂ ಪಂಚರ ಎದುರಿಗೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಹೇಳಿತು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಬಾಬಾನಗರದ 2001ರ ಕೊಲೆ ಪ್ರಕರಣದಲ್ಲೂ ಅದೇ ಮಾತು ಬಂತು: ಹೇಳಿಕೆಯ ಕಾಗದಕ್ಕೆ ನಿಶಾನೆ ನಂಬರು ಕೊಟ್ಟರಷ್ಟೇ ಸಾಲದು, ಆರೋಪಿ ಏನು ಹೇಳಿದ ಎಂದು ತನಿಖಾಧಿಕಾರಿ ಕಟಕಟೆಯಲ್ಲಿ ನಿಂತು ಹೇಳಬೇಕು. ಕೆಳಕೋರ್ಟು ಬಿಟ್ಟಿದ್ದವರನ್ನು ಹೈಕೋರ್ಟು ಶಿಕ್ಷಿಸಿತ್ತು. ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಕೊಂದವರು ಯಾರೆಂಬ ಪ್ರಶ್ನೆ ಇಪ್ಪತ್ತೆರಡು ವರ್ಷದ ಮೇಲೂ ಹಾಗೇ ಉಳಿಯಿತು. ಕೆಟ್ಟ ವಿಚಾರಣೆಯಿಂದ ನಿರಪರಾಧಿ ಒಳಗೆ ಹೋಗುತ್ತಾನೆ ಎನ್ನುವುದು ಅರ್ಧ ಸತ್ಯ. ಸತ್ತವನ ಮನೆಯವರಿಗೂ ನ್ಯಾಯ ತಪ್ಪುತ್ತದೆ.

ಈ ಕಾಗದದ ಹುಟ್ಟಿನಲ್ಲೇ ಒಂದು ಐಬಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯಕ್ಕೂ ತಪ್ಪೊಪ್ಪಿಗೆಗೂ ಜನರನ್ನು ಹಿಂಸಿಸುವ ಪದ್ಧತಿಯ ಬಗ್ಗೆ 1855ರಲ್ಲಿ ಒಂದು ಆಯೋಗ ವರದಿ ಕೊಟ್ಟಿತು. ಬಳ್ಳಾರಿ, ಕನ್ನಡ ಜಿಲ್ಲೆಗಳೂ ಆಗ ಆ ಪ್ರಾಂತ್ಯದಲ್ಲಿದ್ದವು. ಬೆರಳು ಹಿಂಡುವ ಕಟ್ಟಿಗೆಯ ಇಕ್ಕಳ, ತಲೆಯನ್ನು ಕಾಲಿಗೆ ಬಗ್ಗಿಸಿ ಕಟ್ಟುವುದು, ಕಣ್ಣಿಗೆ ಮೆಣಸಿನ ಪುಡಿ ಎಲ್ಲ ಅದರಲ್ಲಿ ನಮೂದಾಗಿವೆ. (ಸಂಕೇಶ್ವರಿ ಮೆಣಸಿನಕಾಯಿ ಬೆಳೆಯುವ ಊರಿನವರಿಗೆ ಇದನ್ನು ಓದಿ ಕಣ್ಣುರಿ ಬರಬೇಕು.) ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ನಿಯಮ ಇಂಥ ಅನುಭವದಿಂದಲೇ ಗಟ್ಟಿಯಾಗಿ, 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಾಯಿತು. ಆದರೆ 27ನೇ ಕಲಮು ಒಂದು ಕಿಂಡಿ ಬಿಟ್ಟಿತು: ಆರೋಪಿ ಹೇಳಿದ್ದರಿಂದ ಒಂದು ಸಂಗತಿ ಪತ್ತೆಯಾದರೆ, ಅದಕ್ಕೆ ನೇರವಾಗಿ ಸಂಬಂಧಪಟ್ಟ ಅಷ್ಟು ಮಾತು ನಡೆಯುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವೆಲ್ಲ 23ನೇ ಕಲಮಿನಡಿ ಒಟ್ಟಿಗೆ ಬಂದಿವೆ, ಕಿಂಡಿ ಸಮೇತ. ಹೀಗಾಗಿ ನಡೆದದ್ದೇನು ಎಂದು ತಿಳಿಯುವುದಕ್ಕಿಂತ ಕೊಡಲಿ ಎಲ್ಲಿದೆ ಎಂದು ಬಾಯಿ ಬಿಡಿಸುವುದೇ ವಿಚಾರಣೆಯ ಗುರಿಯಾಯಿತು. ಕೊಡಲಿ ಸಿಕ್ಕ ಕೂಡಲೇ ಪ್ರಶ್ನೆ ಕೇಳುವ ಕೆಲಸ ಮುಗಿಯಿತು.

ಈ ಅವಸರಕ್ಕೆ ವಿಜ್ಞಾನದ ಅಂಗಿ ತೊಡಿಸಿದ್ದು ಮಂಪರು ಪರೀಕ್ಷೆ. ಅದಕ್ಕೆ ಬೆಂಗಳೂರೇ ದೇಶದ ರಾಜಧಾನಿಯಾಗಿತ್ತು. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಗೆ ಛಾಪಾ ಕಾಗದ ಹಗರಣದಲ್ಲಿ 2003ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಚುಚ್ಚುಮದ್ದು ಕೊಟ್ಟರು. ಅರೆ ಎಚ್ಚರದಲ್ಲಿ ಅವನು ಗುನುಗಿದ ಹೆಸರುಗಳು ಮುಂದೆ ಟಿ.ವಿ.ಯಲ್ಲಿ ಮನೆಮನೆಗೆ ಬಂದವು. ಊಟ ಮಾಡುತ್ತ ನೋಡಿದವರಿಗೆ ಅದು ಸತ್ಯದ ನೇರಪ್ರಸಾರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮಂಪರಿನಲ್ಲಿರುವವನು ನೆನಪನ್ನೂ ಹೇಳುತ್ತಾನೆ, ಕಲ್ಪನೆಯನ್ನೂ ಹೇಳುತ್ತಾನೆ, ಕೇಳಿದವರು ಬಾಯಿಗಿಟ್ಟ ಮಾತನ್ನೂ ಹೇಳುತ್ತಾನೆ. ಬೇರ್ಪಡಿಸುವ ಜರಡಿ ಯಾರ ಬಳಿಯೂ ಇಲ್ಲ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆಗಳನ್ನು ಮಾಡಕೂಡದೆಂದಿತು. ಒಳ್ಳೆಯ ತೀರ್ಪು. ಆದರೆ ಒಪ್ಪಿ ಪರೀಕ್ಷೆಗೆ ಕೂತವನಿಂದ ಏನಾದರೂ ಪತ್ತೆಯಾದರೆ 27ನೇ ಕಲಮಿನಡಿ ನಡೆಯುತ್ತದೆ ಎಂದೂ ಸೇರಿಸಿತು. ಠಾಣೆಯಲ್ಲಿ ಒಪ್ಪಿಗೆ ಹೇಗೆ ಹುಟ್ಟುತ್ತದೆ ಎಂದು ಸ್ವಇಚ್ಛಾ ಹೇಳಿಕೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕುಶಾಲನಗರದ ಕಡೆಯ ಒಬ್ಬ ಆದಿವಾಸಿಯ ಕಥೆ ಇತ್ತೀಚಿನದು. ಹೆಂಡತಿ ಕಾಣೆಯಾದಳು. ಬೆಟ್ಟದಪುರದ ಬಳಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಪೊಲೀಸರು ತೀರ್ಮಾನಿಸಿ ಗಂಡನ ಮೇಲೆ ಕೊಲೆ ಕೇಸು ಹಾಕಿದರು. ವರ್ಷಕ್ಕೂ ಮಿಕ್ಕಿ ಜೈಲು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಂಡಳು. ಮೈಸೂರಿನ ಕೋರ್ಟು ಅವನನ್ನು ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಆದೇಶಿಸಿತು. ನಡೆಯದ ಕೊಲೆಗೂ ಭರ್ತಿ ಚಾರ್ಜ್‌ಶೀಟ್ ತಯಾರಾಗಿತ್ತು.

ಬೇರೆ ದಾರಿ ಇದೆಯೇ? ಇಂಗ್ಲೆಂಡಿನಲ್ಲಿ ಐರಿಶ್ ಬಂಡುಕೋರ ಪಡೆಯಾದ ಐಆರ್‌ಎ ಬಾಂಬ್ ಪ್ರಕರಣಗಳಲ್ಲಿ ಬಲವಂತದ ತಪ್ಪೊಪ್ಪಿಗೆಯ ಮೇಲೆ ಜೈಲು ಸೇರಿದ್ದ ಗಿಲ್ಡ್‌ಫರ್ಡ್ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಂ ಆರು ಮಂದಿ 1991ರಲ್ಲಿ ಹೊರಬಂದರು. ಅಲ್ಲಿನ ಪೊಲೀಸರು ಮುಖ ಉಳಿಸಿಕೊಳ್ಳಲು ಮಾಡಿದ ಕೆಲಸ ಮಾತ್ರ ಮೆಚ್ಚತಕ್ಕದ್ದು. ಹೇಳಿಕೆ ಧ್ವನಿಮುದ್ರಣ ಆಗಲೇ ಶುರುವಾಗಿತ್ತು; 1990ರ ದಶಕದ ಆರಂಭದಲ್ಲಿ ‘ಪೀಸ್’ ಎಂಬ ಪದ್ಧತಿ ಬಂತು. ಮೊದಲು ತಯಾರಿ, ಆಮೇಲೆ ಎದುರಿನವನು ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳುವುದು, ಆಮೇಲೆ ಕೈಯಲ್ಲಿರುವ ಪುರಾವೆಗೆ ತಾಳೆಯಾಗದ ಕಡೆ ಹಿಡಿದು ನಿಲ್ಲಿಸುವುದು. ಸುಳ್ಳು ಹೇಳುವವನು ಹೆಚ್ಚು ಮಾತಾಡಿದಷ್ಟೂ ಹೆಚ್ಚು ಸಿಕ್ಕಿಬೀಳುತ್ತಾನೆ. ನಮ್ಮ ಠಾಣೆಗಳಲ್ಲೂ ಚಹಾ ಕುಡಿಸಿ, ಊರು-ಮನೆ ಮಾತಾಡಿಸಿ ವಿಷಯ ತೆಗೆಯುವ ಹಳೆಯ ಹವಾಲ್ದಾರರಿದ್ದರು, ಈಗಲೂ ಇದ್ದಾರೆ. ಆ ಕಲೆ ಬರೆಯುವ ಕಾಗದಕ್ಕೆ ಇಳಿಯಲಿಲ್ಲ.

ಪೊಲೀಸರ ಪರ ಹೇಳುವುದೂ ಇದೆ. ಬಂಧಿಸಿದ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದೇ ಅಧಿಕಾರಿಗೆ ಹೆದ್ದಾರಿ ಅಪಘಾತ, ಜಾತ್ರೆ ಬಂದೋಬಸ್ತ್, ಮಂತ್ರಿಗಳ ಪ್ರವಾಸ ಎಲ್ಲವೂ ಗಂಟುಬಿದ್ದಿರುತ್ತವೆ. ತಯಾರಿಗೆ ವೇಳೆ ಎಲ್ಲಿದೆ? ಆದರೆ ಧ್ವನಿಮುದ್ರಣಕ್ಕೆ ವೇಳೆ ಬೇಡ, ಮೊಬೈಲ್ ಸಾಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯ ವಿಡಿಯೊ ಕಡ್ಡಾಯ ಮಾಡಿದೆ. ಸಾಕ್ಷಿಯ ಹೇಳಿಕೆಗೆ ವಿಡಿಯೊ ಮಾಡಬಹುದು ಎಂದಷ್ಟೇ ಇದೆ. ಆರೋಪಿಯ ವಿಚಾರಣೆಗೆ ಅಂಥ ಕಡ್ಡಾಯವಿಲ್ಲ. ಹೊಲದಲ್ಲಿ ಕೊಡಲಿ ಎತ್ತುವಾಗ ಕ್ಯಾಮೆರಾ ಇರುತ್ತದೆ, ಅದರ ಜಾಗ ಹೇಳಿಸುವಾಗ ಇರುವುದಿಲ್ಲ. ಠಾಣೆಗಳಲ್ಲಿ ಧ್ವನಿ ಸಹಿತ ಸಿಸಿಟಿವಿ ಹಾಕಿ, ಕನಿಷ್ಠ ಒಂದು ವರ್ಷದ ದಾಖಲೆ ಇಡಿ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದೆ. ಸ್ವಇಚ್ಛಾ ಹೇಳಿಕೆ ಕೈಗೆ ಬಂದ ದಿನವೇ ಆ ಹೊತ್ತಿನ ದೃಶ್ಯ ಕಾಯ್ದಿಡಿ ಎಂದು ವಕೀಲರು ಅರ್ಜಿ ಹಾಕಬೇಕು. ವರ್ಷ ದಾಟಿ ಪಾಟೀಸವಾಲಿಗೆ ನಿಂತಾಗ ಕೇಳಿದರೆ ಅಳಿಸಿಹೋಗಿದೆ ಎಂಬ ಉತ್ತರವೇ ಸಿಕ್ಕೀತು.