ಕಂಡ ನರ, ಸಿಗದ ನರ

ಕರ್ನಾಟಕದ ಆಸ್ಪತ್ರೆಗಳಲ್ಲಿ ಸಲೈನ್ ಏರಿಸುವವರೂ ಏರಿಸಿಕೊಳ್ಳುವವರೂ ಆಡುವ ‘ನರ’ ಎಂಬ ಮಾತು ಅಂಗರಚನಾಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲ. ನರವೆಂದರೆ ಸಂವೇದನೆಯನ್ನು ಒಯ್ಯುವ ತಂತು, ಸೂಜಿ ಹುಡುಕುವುದು ಅಂಗಾಂಗಗಳಿಂದ ಹೃದಯಕ್ಕೆ ರಕ್ತವನ್ನು ಮರಳಿಸುವ ಅಭಿಧಮನಿಯನ್ನು. ಆದರೆ ಅದೇ ಆಡುಮಾತು ಇನ್ನೊಂದು ಕಡೆ ಬಹಳ ಕರಾರುವಾಕ್ಕಾಗಿದೆ: ಸೂಜಿ ತಪ್ಪಿದಾಗ ‘ನರ ಕಾಣಲಿಲ್ಲ’ ಎನ್ನುವುದಕ್ಕಿಂತ ‘ನರ ಸಿಗಲಿಲ್ಲ’ ಎನ್ನುವುದೇ ರೂಢಿ. ಕಾಣುವುದು ಬೇರೆ, ಸಿಗುವುದು ಬೇರೆ ಎಂಬ ಈ ವಿವೇಕವನ್ನು ಕೈಬಿಡದೆ ನೋಡಿದರೆ ಮಾತ್ರ, ಅತಿಗೆಂಪು ಬೆಳಕಿನಿಂದ ಚರ್ಮದಡಿಯ ಅಭಿಧಮನಿಗಳನ್ನು ತೋರಿಸುವ ಉಪಕರಣಗಳ ಬೆಲೆ ಎಷ್ಟೆಂದು ನ್ಯಾಯವಾಗಿ ನಿರ್ಣಯಿಸಲು ಸಾಧ್ಯ.

ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀಲಿ, ಹಸಿರು ಭಾಗಗಳು ಚರ್ಮದೊಳಗೆ ಹೆಚ್ಚು ದೂರ ಇಳಿಯುವುದಿಲ್ಲ. ಕೆಂಪು ಸ್ವಲ್ಪ ಇಳಿಯುತ್ತದೆ. ಮುಂಗೈಯ ಅಭಿಧಮನಿ ನೀಲಿಯಾಗಿ ತೋರುವುದಕ್ಕೆ ಅದರೊಳಗಿನ ರಕ್ತ ನೀಲಿಯಾಗಿರುವುದು ಕಾರಣವಲ್ಲ. ಸುತ್ತಲಿನ ಚರ್ಮಕ್ಕೆ ಹೋಲಿಸಿದರೆ ಆ ಜಾಗದಿಂದ ಕೆಂಪು ಬೆಳಕು ಕಡಿಮೆ ಮರಳುತ್ತದೆ, ಮಿದುಳು ಆ ಕೊರತೆಯನ್ನು ನೀಲಿಯೆಂದು ಓದಿಕೊಳ್ಳುತ್ತದೆ ಎಂಬುದನ್ನು ಅಲ್ವಿನ್ ಕೀನ್ಲೆ ಮತ್ತು ಸಂಗಡಿಗರು 1996ರಲ್ಲಿ ಅಳೆದು ವಿವರಿಸಿದರು. ಕೆಂಪಿನಾಚೆಗೆ, ಸುಮಾರು 700ರಿಂದ 900 ನ್ಯಾನೊಮೀಟರ್ ತರಂಗಾಂತರದ ಸಮೀಪ-ಅತಿಗೆಂಪು ಬೆಳಕನ್ನು ಚರ್ಮವೂ ಕೊಬ್ಬೂ ನೀರೂ ಅಷ್ಟಾಗಿ ಹೀರುವುದಿಲ್ಲ, ರಕ್ತದ ಹಿಮೋಗ್ಲೋಬಿನ್ ಮಾತ್ರ ಹೋಲಿಕೆಯಲ್ಲಿ ಹೆಚ್ಚು ಹೀರುತ್ತದೆ. ಹೀಗಾಗಿ ಅತಿಗೆಂಪನ್ನು ಗ್ರಹಿಸುವ ಕ್ಯಾಮೆರಾದ ಮುಂದೆ ಹಿಡಿದ ಕೈ ಬೆಳ್ಳಗೆ ಹೊಳೆದು, ಅದರ ನಡುವೆ ಅಭಿಧಮನಿಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಈ ಸಂಗತಿ ಹೊಸದೇನಲ್ಲ, 1930ರ ದಶಕದಲ್ಲೇ ವೈದ್ಯರು ಅತಿಗೆಂಪು ಫಿಲ್ಮಿನ ಮೇಲೆ ಇಂಥ ಚಿತ್ರಗಳನ್ನು ಸೆರೆಹಿಡಿದಿದ್ದರು.

ಹೊಸತಾದದ್ದು ಆ ಚಿತ್ರವನ್ನು ಅದೇ ಕ್ಷಣದಲ್ಲಿ ಅದೇ ಚರ್ಮದ ಮೇಲೆ ಮರಳಿ ಬಿಡಿಸಿದ್ದು. ಅಮೆರಿಕದ ಮೆಂಫಿಸ್ ನಗರದಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ಹರ್ಬರ್ಟ್ ಝೀಮನ್ ಅವರ ಸಂಶೋಧನೆಯಿಂದ ರೂಪುಗೊಂಡ ವೇನ್‌ವ್ಯೂವರ್ ಕ್ಯಾಮೆರಾ ಕಂಡದ್ದನ್ನು ಹಸಿರು ಬೆಳಕಿನಲ್ಲಿ ರೋಗಿಯ ಕೈಮೇಲೆ ಪ್ರಕ್ಷೇಪಿಸಿತು. ನಂತರ ಬಂದ ಆಕ್ಯುವೇನ್ ಲೇಸರ್ ಕಿರಣದಿಂದ ಕೈಯನ್ನು ಗುಡಿಸುತ್ತಾ ಅದೇ ಕೆಲಸವನ್ನು ಅಂಗೈಯಲ್ಲಿ ಹಿಡಿಯಬಲ್ಲ ಗಾತ್ರಕ್ಕೆ ಇಳಿಸಿತು. ಪರದೆಯ ಕಡೆಗೆ ತಲೆಯೆತ್ತದೆ, ಸೂಜಿಯ ತುದಿಯಿಂದ ಕಣ್ಣು ಕದಲಿಸದೆ ಕೆಲಸ ಮಾಡಲು ಅನುವು ಮಾಡಿಕೊಟ್ಟ ಈ ಕಲ್ಪನೆ ನಿಜಕ್ಕೂ ಸುಂದರವಾದದ್ದು, ದಾದಿಯ ಕೆಲಸದ ರೀತಿಯನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಆದರೆ ಈ ಉಪಕರಣಗಳ ಬಗ್ಗೆ ಸಾಮಾನ್ಯವಾಗಿ ಕೊಡುವ ವಿವರಣೆಯೊಂದು ಅರ್ಧಸತ್ಯ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಅತಿಗೆಂಪನ್ನು ಹೀರುತ್ತದೆ, ಆದ್ದರಿಂದ ಅಭಿಧಮನಿಗಳಷ್ಟೇ ಕಾಣುತ್ತವೆ, ಅಪಧಮನಿಗಳು ಕಾಣುವುದಿಲ್ಲ ಎಂದು ಹೇಳಲಾಗುತ್ತದೆ. ವಾಸ್ತವದಲ್ಲಿ ಸುಮಾರು 800 ನ್ಯಾನೊಮೀಟರಿನ ಬಳಿ ಆಮ್ಲಜನಕ ಹೊತ್ತ, ಬಿಟ್ಟುಕೊಟ್ಟ ಎರಡೂ ಬಗೆಯ ಹಿಮೋಗ್ಲೋಬಿನ್ ಬೆಳಕನ್ನು ಸಮನಾಗಿಯೇ ಹೀರುತ್ತವೆ. ಅದರಾಚೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೇ ಹೆಚ್ಚು ಹೀರುತ್ತದೆ. ಅಭಿಧಮನಿ ಎದ್ದು ಕಾಣುವುದಕ್ಕೆ ಮುಖ್ಯ ಕಾರಣ ಅದು ಚರ್ಮಕ್ಕೆ ಹತ್ತಿರವಿದ್ದು, ತೆಳುಗೋಡೆಯೊಳಗೆ ಸಾಕಷ್ಟು ರಕ್ತವನ್ನು ತುಂಬಿಕೊಂಡಿರುವುದು. ಈ ವ್ಯತ್ಯಾಸ ಬರಿಯ ಪಂಡಿತರ ತಕರಾರಲ್ಲ. ಕಾಣುವುದೆಲ್ಲ ಆಳ ಮತ್ತು ರಕ್ತದ ಪ್ರಮಾಣದ ಮೇಲೆ ನಿಂತಿದ್ದರೆ, ನಿರ್ಜಲೀಕರಣದಿಂದಲೋ ಡೆಂಗಿಯಂಥ ಕಾಯಿಲೆಯಲ್ಲಿ ರಕ್ತದೊತ್ತಡ ಕುಸಿದೋ ಅಭಿಧಮನಿಗಳು ಮುದುಡಿಕೊಂಡ ಮಗುವಿನಲ್ಲಿ, ಅಂದರೆ ನೆರವು ಅತ್ಯಂತ ಅಗತ್ಯವಿರುವ ಕಡೆಯಲ್ಲೇ, ಚಿತ್ರವೂ ಮಸುಕಾಗುತ್ತದೆ ಎಂದಾಯಿತು.

ಇನ್ನೊಂದು ಮಿತಿ ಬೆಳಕಿನ ಸ್ವಭಾವದಲ್ಲೇ ಇದೆ. ಚರ್ಮದೊಳಗೆ ಹೊಕ್ಕ ಬೆಳಕು ನೇರವಾಗಿ ಸಾಗದೆ ಮಂಜಿನಲ್ಲಿ ದೀಪ ಹರಡುವಂತೆ ಚದುರುತ್ತದೆ. ಆದ್ದರಿಂದ ಆಳ ಹೆಚ್ಚಿದಂತೆ ಅಭಿಧಮನಿಯ ಅಂಚು ಕರಗುತ್ತದೆ, ಒಂದು ಸೆಂಟಿಮೀಟರಿನ ಆಚೆಗೆ ಬಹುತೇಕ ಏನೂ ಉಳಿಯುವುದಿಲ್ಲ. ಕಂಡ ಗೆರೆಯಾದರೂ ಚಪ್ಪಟೆ ನಕ್ಷೆ. ನಾಳ ಎಷ್ಟು ಕೆಳಗಿದೆ, ಗೋಡೆ ಗಟ್ಟಿಯಾಗಿದೆಯೇ, ಸೂಜಿ ತಾಗಿದೊಡನೆ ಪಕ್ಕಕ್ಕೆ ಜಾರುವಂಥದ್ದೇ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ಅವನ್ನು ಹೇಳುವುದು ಬೆರಳ ತುದಿ. ಒತ್ತಿದಾಗ ಸ್ಪಂಜಿನಂತೆ ಪುಟಿಯುವ ನಾಳವನ್ನು ಅನುಭವಿ ದಾದಿ ಕಣ್ಣುಮುಚ್ಚಿಯೂ ಗುರುತಿಸುತ್ತಾಳೆ. ಉಪಕರಣವನ್ನು ನಾಳದ ನೇರ ಮೇಲೆ ಹಿಡಿಯದೆ ಓರೆಯಾಗಿಸಿದರೆ ಗೆರೆ ಪಕ್ಕಕ್ಕೆ ಸರಿದು ಬೀಳುತ್ತದೆ ಎಂಬುದೂ ಮರೆಯುವ ವಿಷಯವಲ್ಲ. ಶ್ರವಣಾತೀತ ತರಂಗಗಳ ಅಲ್ಟ್ರಾಸೌಂಡ್ ಆಳವನ್ನೂ ಸೂಜಿಯನ್ನೂ ತೋರಿಸುತ್ತದೆ, ಆದರೆ ಅದಕ್ಕೆ ದೀರ್ಘ ತರಬೇತಿ ಬೇಕು.

ಕಂಡದ್ದೆಲ್ಲ ಸಿಗುವುದಿಲ್ಲ ಎಂಬುದನ್ನೇ ಪರೀಕ್ಷೆಗಳೂ ಹೇಳಿವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೂರು ಬೇರೆ ಬೇರೆ ಉಪಕರಣಗಳನ್ನು ಮಕ್ಕಳ ಮೇಲೆ ಹೋಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಭಿಧಮನಿಗಳು ಚೆನ್ನಾಗಿ ಕಂಡವು, ಆದರೆ ಮೊದಲ ಚುಚ್ಚಿನಲ್ಲೇ ಯಶಸ್ವಿಯಾಗುವ ಪ್ರಮಾಣ ಉಪಕರಣವಿಲ್ಲದ ಗುಂಪಿಗಿಂತ ಹೆಚ್ಚಲಿಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಎಲ್ಲ ಮಕ್ಕಳನ್ನು ಸೇರಿಸಿ ನೋಡಿದಾಗ ಲಾಭ ಕಾಣದೆ, ನಾಳ ಸಿಗುವುದು ಕಷ್ಟವೆಂದು ಮೊದಲೇ ಗುರುತಿಸಿದ ಮಕ್ಕಳಲ್ಲಿ ಮಾತ್ರ ಲಾಭ ಕಂಡಿತು. ಹಾಗೆ ಗುರುತಿಸಲು 2008ರಿಂದ ಬಳಕೆಯಲ್ಲಿರುವ ಡಿವಾ ಅಂಕಪಟ್ಟಿ ಕೇಳುವುದು ನಾಲ್ಕೇ ಪ್ರಶ್ನೆ: ನಾಳ ಕಾಣುತ್ತದೆಯೇ, ಬೆರಳಿಗೆ ಸಿಗುತ್ತದೆಯೇ, ಮಗುವಿನ ವಯಸ್ಸೆಷ್ಟು, ಅವಧಿಗೆ ಮುನ್ನ ಹುಟ್ಟಿದ್ದೇ. ಕೊಂಡ ಉಪಕರಣವನ್ನು ಎಲ್ಲರ ಕೈಮೇಲೂ ಹಿಡಿಯುವ ಆಸ್ಪತ್ರೆಗಿಂತ, ಮೊದಲು ಈ ನಾಲ್ಕನ್ನು ಕೇಳುವ ಆಸ್ಪತ್ರೆ ಅದನ್ನು ಚೆನ್ನಾಗಿ ಬಳಸುತ್ತದೆ.

ಹಾಗೆಂದು ಡಚ್ ಫಲಿತಾಂಶವನ್ನು ಭಾರತಕ್ಕೆ ನೇರವಾಗಿ ಹೊತ್ತು ತರುವುದೂ ತಪ್ಪಾಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣ್ಣಿಗೆ ಕಾಣುವ ಬೆಳಕನ್ನು ತೀವ್ರವಾಗಿ ಹೀರಿ, ತರಂಗಾಂತರ ಉದ್ದವಾದಂತೆ ಕಡಿಮೆ ಹೀರುತ್ತದೆ. ಬಿಳಿ ಚರ್ಮದ ಮಗುವಿನಲ್ಲಿ ದಾದಿಗೆ ಬರಿಗಣ್ಣಿಗೇ ನೀಲಿ ಗೆರೆ ಕಾಣುವಾಗ ಅತಿಗೆಂಪು ಬೆಳಕು ಸೇರಿಸುವುದು ಅಲ್ಪ. ಕಪ್ಪು ಚರ್ಮದ ಮಗುವಿನಲ್ಲಿ ಬರಿಗಣ್ಣು ಸೋಲುವುದರಿಂದ ಸೇರಿಸುವುದು ಹೆಚ್ಚಿರಬಹುದು. ವಯಸ್ಕ ಸ್ವಯಂಸೇವಕರ ಮೇಲೆ ವೇನ್‌ಸೈಟ್ ಎಂಬ ಅತಿಗೆಂಪು ಉಪಕರಣ ಬಳಸಿದ 2013ರ ಅಮೆರಿಕದ ಅಧ್ಯಯನದಲ್ಲಿ ಕಪ್ಪು ಚರ್ಮದವರಲ್ಲೂ ಬರಿಗಣ್ಣಿಗಿಂತ ಹೆಚ್ಚು ನಾಳಗಳು ಕಂಡದ್ದು ಈ ತರ್ಕಕ್ಕೆ ಬಲ ಕೊಡುತ್ತದೆ, ಆದರೆ ಅಲ್ಲಿ ಅಳೆದದ್ದು ಮತ್ತೆ ಕಾಣುವುದನ್ನೇ. ಚರ್ಮದ ಬಣ್ಣದ ಪರಿಣಾಮವನ್ನು ತರ್ಕಕ್ಕಷ್ಟೇ ಬಿಡುವಂತಿಲ್ಲ. ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಕೂಡ ಬೆಳಕನ್ನೇ ನಂಬಿದ ಸಾಧನ. ಕಪ್ಪು ವರ್ಣದ ರೋಗಿಗಳಲ್ಲಿ ಅದು ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಗುರುತಿಸದೆ ಬಿಟ್ಟಿತ್ತು ಎಂಬುದು, ಅದು ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಮೇಲೆ, 2020ರಲ್ಲಿ ವ್ಯಾಪಕವಾಗಿ ಚರ್ಚೆಗೆ ಬಂತು. ಆದ್ದರಿಂದ ಮೂರು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳಬೇಕಾದ, ಎರಡೂ ಕೈಗಳ ನಾಳಗಳು ಗಾಯದ ಕಲೆಗಳಿಂದ ಗಟ್ಟಿಯಾದ ಥಲಸ್ಸೀಮಿಯಾ ಮಗುವಿನ ಕಪ್ಪು ಚರ್ಮದ ಮೇಲೆ, ಎಷ್ಟು ಗೆರೆ ಕಂಡವು ಎಂದು ಎಣಿಸದೆ, ಎಷ್ಟನೆಯ ಚುಚ್ಚಿಗೆ ನರ ಸಿಕ್ಕಿತು ಎಂದು ಎಣಿಸುವ ಪರೀಕ್ಷೆಯೇ ಈ ಉಪಕರಣಕ್ಕೆ ಇಲ್ಲಿ ತಕ್ಕ ಪರೀಕ್ಷೆ.